ಡಿಕ್ಕಿ ಮುಚ್ಚಳವೂ ಬಾಯ್ಲ್ ಎಂಬ ಮನುಷ್ಯನೂ

ಕಳೆದ ಸೆಮಿಸ್ಟರಿನ ಒಂದು ಶನಿವಾರ ಮಧ್ಯಾಹ್ನ ನಮ್ಮ ಆಟೋಮೊಬೈಲ್ ಲ್ಯಾಬಿನ ಮುಂದೆ ಒಂದು ಹಳೇ ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ, ಹಿಂದಕ್ಕೆ ಇಳಿಜಾರಾದ ದೊಡ್ಡ ಗಾಜು. ಪೋರ್ಷೆ 944ರಂಥ 1980ರ ದಶಕದ ಕಾರುಗಳ ಚಿತ್ರ ನೋಡಿದವರಿಗೆ ಗೊತ್ತಿರುತ್ತೆ, ಅವುಗಳಲ್ಲಿ ಹಿಂದಿನ ಆ ಗಾಜೇ ಡಿಕ್ಕಿಯ ಮುಚ್ಚಳ. ಇದೂ ಅದೇ ಜಾತಿಯದ್ದು. ತಂದವರು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿ. ಡಿಕ್ಕಿ ತೆರೆದು, ಒಳಗಿನಿಂದ ಒಂದು ಮಾಪಿನ ಕೋಲು ತೆಗೆದು, ಮುಚ್ಚಳಕ್ಕೆ ಊತ ಕೊಟ್ಟು ನಿಲ್ಲಿಸಿದರು. ಎಷ್ಟೋ ತಿಂಗಳಿಂದ ಹೀಗೇ ನಡೀತಿದೆಯಂತೆ.

ನಮ್ಮಲ್ಲೊಬ್ಬ ಒಳಗೆ ಏನಿದೆ ಅಂತ ಬಗ್ಗಿ ನೋಡಿದ. ಮೊಣಕೈ ಕೋಲಿಗೆ ತಗುಲಿತು. ಕೋಲು ಜಾರಿತು. ಹದಿನೈದು ಕೆಜಿಯಷ್ಟು ಗಾಜೂ ಚೌಕಟ್ಟೂ ಧಡ್ ಅಂತ ಅವನ ಬೆನ್ನ ಮೇಲೆ ಬಂತು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇದ್ದದ್ದೇ ಪುಣ್ಯ. ಬ್ಯಾಗಿನ ಬದಲು ಕತ್ತು ಅಲ್ಲಿದ್ದಿದ್ದರೆ ಈ ಲೇಖನ ಬರೆಯುವ ಮನಸ್ಸು ನಮಗೆ ಇರುತ್ತಿರಲಿಲ್ಲ.

ತಪ್ಪು ಕೋಲಿನದ್ದಲ್ಲ. ಮುಚ್ಚಳದ ಎರಡೂ ಪಕ್ಕ ಇರುವ ಕಪ್ಪು ಕೊಳವೆಗಳದ್ದು. ಗ್ಯಾರೇಜಿನಲ್ಲಿ ಡಿಕ್ಕಿ ಶಾಕ್ ಅಂತಾರೆ, ಪುಸ್ತಕದಲ್ಲಿ ಗ್ಯಾಸ್ ಸ್ಟ್ರಟ್. ಎರಡೂ ಸುಸ್ತಾಗಿದ್ದವು. ಅವನ್ನು ಬದಲಾಯಿಸೋಣ ಅಂತ ಕೂತಾಗ ಒಂದು ಮಾತು ಬಂತು. ಈ ಕೊಳವೆಯೊಳಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ, ವೈರೂ ಇಲ್ಲ. ಇರೋದು ಬರೀ ಒತ್ತಿಟ್ಟ ಗಾಳಿ, ಸರಿಯಾಗಿ ಹೇಳಬೇಕಂದ್ರೆ ನೈಟ್ರೋಜನ್. ಗಾಳಿಯೇ ಸ್ಪ್ರಿಂಗ್ ಆಗಬಹುದು ಅಂತ ಮೊದಲು ಅಳತೆ ಸಮೇತ ತೋರಿಸಿದವನು ಯಾರು? ಪಿಯುಸಿ ಓದಿದ ಎಲ್ಲರಿಗೂ ಉತ್ತರ ಗೊತ್ತು. ಬಾಯ್ಲ್‌ನ ನಿಯಮ, ಎರಡು ಅಂಕದ ಪ್ರಶ್ನೆ. ಆದರೆ ಬಾಯ್ಲ್ ಅನ್ನೋ ಮನುಷ್ಯ? ಅವನ ಬಗ್ಗೆ ನಮ್ಮಲ್ಲಿ ಒಬ್ಬರಿಗೂ ಒಂದು ವಾಕ್ಯ ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಓದಲು ಶುರು ಮಾಡಿದೆವು. ಓದಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇವೆ.

ಹದಿನಾಲ್ಕನೇ ಮಗು

ರಾಬರ್ಟ್ ಬಾಯ್ಲ್ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ. ಅಪ್ಪ ರಿಚರ್ಡ್ ಬಾಯ್ಲ್, ಕಾರ್ಕ್ ಪ್ರಾಂತದ ಮೊದಲ ಅರ್ಲ್. ಈ ಅಪ್ಪನ ಕಥೆಯೇ ಒಂದು ಸಿನಿಮಾ. 1588ರಲ್ಲಿ ಹೆಚ್ಚು ದುಡ್ಡಿಲ್ಲದೆ ಇಂಗ್ಲೆಂಡಿನಿಂದ ಐರ್ಲೆಂಡಿಗೆ ಬಂದವನು, ಜಮೀನಿನ ಮೇಲೆ ಜಮೀನು ಕೊಂಡು ಆ ಕಾಲದ ಭಾರಿ ಶ್ರೀಮಂತರಲ್ಲಿ ಒಬ್ಬನಾದ. ಲಿಸ್ಮೋರ್ ಕೂಡ ವಾಲ್ಟರ್ ರಾಲಿಯಿಂದ ಕೊಂಡದ್ದೇ. ಆ ಜಮೀನು ಇಂಗ್ಲಿಷರ ಕೈಗೆ ಬಂದದ್ದು ಅಲ್ಲಿನ ಜನರನ್ನು ಒಕ್ಕಲೆಬ್ಬಿಸಿ. ಇದನ್ನೂ ಹೇಳಿಬಿಡೋಣ. ಯಾಕಂದ್ರೆ ಮುಂದೆ ರಾಬರ್ಟ್ ಜೀವನಪೂರ್ತಿ ಪ್ರಯೋಗ ಮಾಡಿದ್ದು ಐರ್ಲೆಂಡಿನ ಜಮೀನಿಂದ ಬರುತ್ತಿದ್ದ ಹುಟ್ಟುವಳಿಯಲ್ಲೇ. ಅವನ ಗಾಜಿನ ಬುರುಡೆ, ಪಾದರಸ, ಹಿತ್ತಾಳೆಯ ಪಂಪು, ಎಲ್ಲದರ ಬಿಲ್ಲು ಕಟ್ಟಿದ್ದು ಆ ರೈತರು. ವಿಜ್ಞಾನದ ಚರಿತ್ರೆ ಓದುವಾಗ ಈ ಬಿಲ್ಲು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳೋದಿಲ್ಲ.

ರಾಬರ್ಟ್ ಹದಿನಾಲ್ಕನೇ ಮಗು, ಏಳನೇ ಗಂಡುಮಗ. ಎಳೆಗೂಸಾಗಿದ್ದಾಗಲೇ ಹಳ್ಳಿಯ ದಾಯಿಯ ಮನೆಗೆ ಬೆಳೆಯಲು ಕಳಿಸಿದರು. ಮೂರು ವರ್ಷವಾದಾಗ ತಾಯಿ ತೀರಿಕೊಂಡಳು. ತಾಯಿಯ ಮುಖವೇ ಅವನಿಗೆ ನೆನಪಿರಲಿಲ್ಲ. ಮಾತಾಡುವಾಗ ತೊದಲುತ್ತಿದ್ದ, ಆ ತೊದಲು ಕೊನೇವರೆಗೂ ಪೂರ್ತಿ ಹೋಗಲೇ ಇಲ್ಲ. ವೈವಾ ಅಂದರೆ ಗಂಟಲು ಒಣಗುವ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಎಂಟನೇ ವಯಸ್ಸಿಗೆ ಈಟನ್ ಶಾಲೆ. ಹನ್ನೆರಡಕ್ಕೆ ಅಣ್ಣ ಫ್ರಾನ್ಸಿಸ್ ಮತ್ತು ಒಬ್ಬ ಮೇಷ್ಟ್ರ ಜೊತೆ ಯುರೋಪ್ ಪ್ರವಾಸ. ಹೆಚ್ಚು ಕಾಲ ಇದ್ದದ್ದು ಜಿನೀವಾದಲ್ಲಿ. ಅಲ್ಲೊಂದು ರಾತ್ರಿ ಭಯಂಕರ ಗುಡುಗು ಮಿಂಚಿಗೆ ಹೆದರಿದ ಹುಡುಗ, ಬದುಕಿದರೆ ಇನ್ನು ದೇವರಿಗೆ ನಿಷ್ಠನಾಗಿರುತ್ತೇನೆ ಅಂತ ಪ್ರತಿಜ್ಞೆ ಮಾಡಿದ. ಆ ಮಾತನ್ನು ಸಾಯುವತನಕ ಉಳಿಸಿಕೊಂಡ. 1642ರ ಜನವರಿಯಲ್ಲಿ ಗೆಲಿಲಿಯೋ ಫ್ಲಾರೆನ್ಸಿನ ಹತ್ತಿರ ತೀರಿಕೊಂಡಾಗ, ಇನ್ನೇನು ಹದಿನೈದು ತುಂಬಲಿದ್ದ ಬಾಯ್ಲ್ ಅದೇ ಊರಿನಲ್ಲಿ ಗೆಲಿಲಿಯೋ ಪುಸ್ತಕಗಳನ್ನು ಓದುತ್ತಿದ್ದ. ಇಬ್ಬರೂ ಭೇಟಿಯಾಗಲಿಲ್ಲ. ಅಷ್ಟರಲ್ಲಿ ಐರ್ಲೆಂಡಿನಲ್ಲಿ ದಂಗೆ ಎದ್ದು ಮನೆಯಿಂದ ಬರುತ್ತಿದ್ದ ದುಡ್ಡು ನಿಂತುಹೋಯಿತು. 1643ರಲ್ಲಿ ಅಪ್ಪನೂ ಹೋದ. ಹುಡುಗ ಹೇಗೋ ಇಂಗ್ಲೆಂಡ್ ಸೇರಿದ್ದು 1644ರಲ್ಲಿ. ಆಸರೆಯಾಗಿ ಸಿಕ್ಕಿದವಳು ಅಕ್ಕ ಕ್ಯಾಥರೀನ್. ಈ ಅಕ್ಕನ ಹೆಸರು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತಾಳೆ.

ಅಪ್ಪ ಬಿಟ್ಟುಹೋದ ಸ್ಟಾಲ್‌ಬ್ರಿಡ್ಜ್ ಎಂಬ ಹಳ್ಳಿಯ ಬಂಗಲೆಯಲ್ಲಿ ಬಾಯ್ಲ್ ಮೊದಲ ಲ್ಯಾಬ್ ಕಟ್ಟಲು ಹೊರಟ. 1647ರಲ್ಲಿ ದೂರದಿಂದ ಮಣ್ಣಿನ ಕುಲುಮೆ ತರಿಸಿದ. ಬಂದದ್ದು ಚೂರು ಚೂರಾಗಿ. ಕೊರಿಯರ್ ಡಬ್ಬ ತೆರೆದಾಗ ಸೆನ್ಸರ್ ಮುರಿದಿರುವುದನ್ನು ನೋಡಿದ ಯಾವ ಪ್ರಾಜೆಕ್ಟ್ ತಂಡಕ್ಕೂ ಆ ಹೊತ್ತಿನ ಅವನ ಮುಖ ಹೇಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಎರಡು ವರ್ಷ ಕಾದು ಮತ್ತೆ ಶುರು ಮಾಡಿದ.

ಆಕ್ಸ್‌ಫರ್ಡಿನ ಬಾಡಿಗೆ ಮನೆ

1655ರ ಆಸುಪಾಸಿನಲ್ಲಿ ಬಾಯ್ಲ್ ಆಕ್ಸ್‌ಫರ್ಡಿಗೆ ಬಂದ. ವಿದ್ಯಾರ್ಥಿಯಾಗಿ ಅಲ್ಲ. ಯಾವ ವಿಶ್ವವಿದ್ಯಾಲಯಕ್ಕೂ ಅವನು ವಿದ್ಯಾರ್ಥಿಯಾಗಿ ಸೇರಲೇ ಇಲ್ಲ. ಹೈ ಸ್ಟ್ರೀಟಿನಲ್ಲಿ ಔಷಧಿ ಅಂಗಡಿಯವನೊಬ್ಬನ ಮನೆಯಲ್ಲಿ ಬಾಡಿಗೆಗೆ ಇದ್ದ. ಮುಂದೆ 1665ರಲ್ಲಿ ವಿಶ್ವವಿದ್ಯಾಲಯವೇ ಕರೆದು ಗೌರವ ಪದವಿ ಕೊಟ್ಟಿತು.

ಆ ಹೊತ್ತಿಗೆ ಜರ್ಮನಿಯಿಂದ ಒಂದು ಸುದ್ದಿ ಬಂದಿತ್ತು. ಒಟ್ಟೋ ಫಾನ್ ಗೆರಿಕೆ ಎಂಬಾತ ಒಂದು ಪಾತ್ರೆಯೊಳಗಿನ ಗಾಳಿಯನ್ನೇ ಪಂಪಿನಿಂದ ಹೊರಗೆ ಎಳೆದುಬಿಟ್ಟಿದ್ದಾನೆ ಅಂತ 1657ರ ಪುಸ್ತಕವೊಂದರಲ್ಲಿ ಬರೆದಿತ್ತು. ಬಾಯ್ಲ್‌ಗೆ ಅಂಥದ್ದೇ, ಅದಕ್ಕಿಂತ ಚೆನ್ನಾದ ಯಂತ್ರ ಬೇಕು ಅನ್ನಿಸಿತು. ಒಳಗೆ ವಸ್ತುಗಳನ್ನಿಟ್ಟು ಹೊರಗಿನಿಂದ ಕಣ್ಣಾರೆ ನೋಡುವಂತಿರಬೇಕು. ಮೊದಲು ಒಬ್ಬ ಕುಶಲಕರ್ಮಿ ಪ್ರಯತ್ನಿಸಿದ, ಆಗಲಿಲ್ಲ. ಆಮೇಲೆ ಕೈ ಹಾಕಿದವನು ಇಪ್ಪತ್ತರ ಹರೆಯದ ಒಬ್ಬ ಬಡ ಹುಡುಗ, ರಾಬರ್ಟ್ ಹುಕ್. ಹೌದು, ಸ್ಟ್ರೆಸ್-ಸ್ಟ್ರೇನ್ ಗ್ರಾಫಿನ ಅದೇ ಹುಕ್. ಬಾಯ್ಲ್ ಸಂಬಳ ಕೊಟ್ಟ, ಹುಕ್ ಯಂತ್ರ ಕೊಟ್ಟ. 1659ರ ಹೊತ್ತಿಗೆ ಪಂಪು ತಯಾರಾಯಿತು. ಮೇಲೆ ದೊಡ್ಡ ಗಾಜಿನ ಬುರುಡೆ, ಕೆಳಗೆ ಹಿತ್ತಾಳೆಯ ಸಿಲಿಂಡರು, ಅದರೊಳಗೆ ಹಲ್ಲುಪಟ್ಟಿಯ ಮೇಲೆ ಓಡಾಡುವ ಪಿಸ್ಟನ್. ಎಲ್ಲೆಲ್ಲೋ ಸೋರುತ್ತಿತ್ತು. ಮೇಣ, ಎಣ್ಣೆ, ಅಂಟು ಬಳಿದು ಬಳಿದು ಹೊಂದಿಸಿಕೊಂಡರು.

ಆ ಬುರುಡೆಯೊಳಗೆ ಮೇಣದಬತ್ತಿ ಆರಿತು. ಗಡಿಯಾರದ ಟಿಕ್ ಟಿಕ್ ಕ್ಷೀಣಿಸಿತು. ಬಾಯಿ ಕಟ್ಟಿದ ಕುರಿಮರಿಯ ಮೂತ್ರಕೋಶ, ಒಳಗೆ ಅರೆಬರೆ ಗಾಳಿ ಇದ್ದದ್ದು, ಸುತ್ತಲಿನ ಗಾಳಿ ತೆಗೆದಂತೆಲ್ಲ ತಾನಾಗೇ ಉಬ್ಬಿತು. ಇಲಿ, ಹಕ್ಕಿಗಳನ್ನೂ ಇಟ್ಟರು, ಅವು ಒದ್ದಾಡಿ ಸತ್ತವು. ಒಮ್ಮೆ ನೋಡಲು ಬಂದಿದ್ದ ಹೆಂಗಸರು ಮರುಗಿ, ಹಕ್ಕಿಗೆ ಗಾಳಿ ಬಿಡಿಸಿದರು ಅಂತ ಅವನೇ ದಾಖಲಿಸಿದ್ದಾನೆ.

1660ರಲ್ಲಿ ಈ 43 ಪ್ರಯೋಗಗಳ ಪುಸ್ತಕ ಹೊರಬಂತು. ಅದರ ಮುಖ್ಯ ವಿಚಾರ ಇಷ್ಟು: ಗಾಳಿಗೆ ಸ್ಪ್ರಿಂಗಿನ ಗುಣ ಇದೆ. ಉಣ್ಣೆಯ ಉಂಡೆಯನ್ನು ಅಮುಕಿದರೆ ಹೇಗೆ ಕುಗ್ಗಿ, ಬಿಟ್ಟರೆ ಅರಳುತ್ತೋ ಹಾಗೆ. ನಮ್ಮ ತಲೆ ಮೇಲಿನ ಗಾಳಿಯ ಭಾರಕ್ಕೆ ಕೆಳಗಿನ ಗಾಳಿ ಅಮುಕಿಕೊಂಡೇ ಇದೆ. ಮೂತ್ರಕೋಶ ಉಬ್ಬಿದ್ದು ಅದಕ್ಕೇ.

ಬೆರಳು ಎಳೆಯುವ ದಾರ

ಪುಸ್ತಕ ಬಂದ ತಕ್ಷಣ ಏಟು ಬಿತ್ತು. ತತ್ವಜ್ಞಾನಿ ಥಾಮಸ್ ಹಾಬ್ಸ್ ಈ ಪಂಪಿನ ಕಥೆಯನ್ನೇ ಒಪ್ಪಲಿಲ್ಲ. ಫ್ರಾನ್ಸಿಸ್ಕಸ್ ಲೈನಸ್ ಎಂಬ ಜೆಸುಯಿಟ್ ಪಂಡಿತ ಇನ್ನೂ ಚೂಪಾಗಿ ಕೇಳಿದ. ಗಾಳಿಗೆ ಸ್ವಲ್ಪ ಸ್ಪ್ರಿಂಗ್ ಗುಣ ಇರಬಹುದು, ಆದರೆ 29 ಇಂಚು ಎತ್ತರದ ಪಾದರಸವನ್ನು ಹೊತ್ತು ನಿಲ್ಲುವಷ್ಟು ತಾಕತ್ತು ಅದಕ್ಕೆಲ್ಲಿದೆ? ಪಾದರಸವನ್ನು ಮೇಲಿನಿಂದ ಕಣ್ಣಿಗೆ ಕಾಣದ ಒಂದು ದಾರ ಎಳೆದು ಹಿಡಿದಿದೆ ಅಂತ ಅವನ ವಾದ. ಸಾಕ್ಷಿಯೂ ಇತ್ತು. ಎರಡೂ ಕಡೆ ತೆರೆದ ಕೊಳವೆಗೆ ಪಾದರಸ ತುಂಬಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಕೆಳಗಿನ ತುದಿಯನ್ನು ಪಾದರಸದ ಬಟ್ಟಲಲ್ಲಿ ನಿಲ್ಲಿಸಿದರೆ, ಬೆರಳು ಒಳಕ್ಕೆ ಎಳೆದಂತಾಗುತ್ತೆ. ದಾರ ಇಲ್ಲದಿದ್ದರೆ ಎಳೆಯೋದು ಯಾರು?

ನಗಬೇಡಿ. ಬೆರಳಿಗೆ ಎಳೆತ ನಿಜವಾಗಿಯೂ ಅನಿಸುತ್ತೆ. ಹೊರಗಿನ ಗಾಳಿ ಒಳಕ್ಕೆ ತಳ್ಳುತ್ತಿದೆ ಅನ್ನೋದು ಮಾತ್ರ ಅನುಭವಕ್ಕೆ ಬರೋದಿಲ್ಲ. ಲೈನಸ್ ದಡ್ಡ ಅಲ್ಲ. ಅವನ ಪ್ರಶ್ನೆ ನ್ಯಾಯವಾದ ಎಂಜಿನಿಯರಿಂಗ್ ಪ್ರಶ್ನೆ. ಸ್ಪ್ರಿಂಗ್ ಇದೆ ಅಂತ ಹೇಳಿದರೆ ಸಾಲದು, ಎಷ್ಟು ಬಲದ್ದು ಅಂತ ಹೇಳು.

ಬಾಯ್ಲ್ ಬೈಗುಳದಲ್ಲಿ ಉತ್ತರ ಕೊಡಲಿಲ್ಲ, ಅಳತೆಯಲ್ಲಿ ಕೊಟ್ಟ. ಉದ್ದನೆಯ ಗಾಜಿನ ಕೊಳವೆಯನ್ನು ಜೆ ಅಕ್ಷರದಂತೆ ಬಗ್ಗಿಸಿದ. ಗಿಡ್ಡ ತೋಳಿನ ತುದಿ ಮುಚ್ಚಿದ್ದು, ಉದ್ದ ತೋಳು ತೆರೆದದ್ದು. ಗಿಡ್ಡ ತೋಳಿನಲ್ಲಿ 12 ಇಂಚು ಗಾಳಿ ಸಿಕ್ಕಿಹಾಕಿಕೊಂಡಿದೆ. ಉದ್ದ ತೋಳಿಗೆ ಪಾದರಸ ಸುರಿಯುತ್ತಾ ಹೋದರೆ ಆ ಗಾಳಿ ಕುಗ್ಗುತ್ತೆ. ಎಷ್ಟು ಸುರಿದರೆ ಎಷ್ಟು ಕುಗ್ಗುತ್ತೆ ಅಂತ ಬರೆದುಕೊಂಡರೆ ಆಯಿತು. ಹೇಳಲು ಸುಲಭ. ಮೊದಲ ಕೊಳವೆ ಕೆಲಸ ಮುಗಿಯುವ ಮೊದಲೇ ಒಡೆದುಹೋಯಿತು. ಎರಡನೆಯದು ಕೋಣೆಯೊಳಗೆ ನಿಲ್ಲದಷ್ಟು ಉದ್ದ. ಮನೆಯ ಮೆಟ್ಟಿಲ ಹತ್ತಿರ ಹಗ್ಗದಿಂದ ಅದನ್ನು ನೇತುಹಾಕಿದರು. ಒಡೆದರೆ ಪಾದರಸ ಚೆಲ್ಲಿಹೋಗದಿರಲಿ ಅಂತ ಬುಡಕ್ಕೆ ಮರದ ಪೆಟ್ಟಿಗೆ ಇಟ್ಟರು. ಒಬ್ಬ ಮೇಲೆ ನಿಂತು ಸುರಿಯುವವನು, ಇನ್ನೊಬ್ಬ ಕೆಳಗೆ ನಿಂತು ಗಾಳಿಯ ಉದ್ದ ನೋಡಿ ಕೂಗುವವನು.

ಗಾಳಿ 12 ಇಂಚಿನಿಂದ 6ಕ್ಕೆ ಇಳಿದಾಗ ಒಟ್ಟು ಒತ್ತಡ 58 13/16 ಇಂಚು ಪಾದರಸ. ಅರ್ಧ ಜಾಗಕ್ಕೆ ದುಪ್ಪಟ್ಟು ಒತ್ತಡ ಅನ್ನುವ ಲೆಕ್ಕದಂತೆ ಇರಬೇಕಾದದ್ದು 58 2/8. ಗಾಳಿ 3 ಇಂಚಿಗೆ ಇಳಿದಾಗ ಅಳತೆ 117 9/16, ಲೆಕ್ಕ 116 4/8. ವ್ಯತ್ಯಾಸ ಶೇಕಡಾ ಒಂದಕ್ಕೂ ಕಡಿಮೆ. ಮೆಟ್ಟಿಲ ಮೇಲೆ, ಕಣ್ಣಳತೆಯಲ್ಲಿ, 1662ರಲ್ಲಿ!

29 ಇಂಚಿನ ಪಾದರಸ ಹೊರಲು ಗಾಳಿಗೆ ತಾಕತ್ತಿಲ್ಲ ಅಂದಿದ್ದನಲ್ಲ ಲೈನಸ್, ಇಲ್ಲಿ ಮೂರು ಇಂಚು ಗಾಳಿ ಅದರ ನಾಲ್ಕರಷ್ಟನ್ನು ಹೊತ್ತು ನಿಂತಿತ್ತು. ಪ್ರಶ್ನೆ ಕೇಳಿದವನಿಲ್ಲದಿದ್ದರೆ ಈ ಕೋಷ್ಟಕ ಬಹುಶಃ ಹುಟ್ಟುತ್ತಲೇ ಇರಲಿಲ್ಲ. 1660ರ ಮೊದಲ ಮುದ್ರಣದಲ್ಲಿ ನಿಯಮ ಇಲ್ಲ. ಅದು ಬಂದದ್ದು 1662ರ ಎರಡನೇ ಮುದ್ರಣದಲ್ಲಿ, ಲೈನಸನಿಗೆ ಕೊಟ್ಟ ಉತ್ತರದೊಳಗೆ.

ಎರಡು ಕಾಲಮ್ಮುಗಳು

ನಮಗೆ ತುಂಬಾ ಹಿಡಿಸಿದ್ದು ಆ ಕೋಷ್ಟಕದ ಕೊನೆಯ ಎರಡು ಕಾಲಮ್ಮು. ಒಂದರಲ್ಲಿ ಸಿಕ್ಕ ಅಳತೆ, ಪಕ್ಕದಲ್ಲೇ ನಿಯಮದ ಪ್ರಕಾರ ಸಿಗಬೇಕಾಗಿದ್ದ ಅಳತೆ. ಎರಡೂ ಒಂದೇ ಅಲ್ಲ. ಅವನು ಮುಚ್ಚಿಡಲಿಲ್ಲ, ತಿದ್ದಲೂ ಇಲ್ಲ. ಯಾರು ಬೇಕಾದರೂ ಕಳೆದು ನೋಡಿಕೊಳ್ಳಲಿ ಅಂತ ಅಕ್ಕಪಕ್ಕ ಅಚ್ಚು ಹಾಕಿಸಿದ. ಅದಕ್ಕೂ ಒಂದು ವರ್ಷ ಮೊದಲು, 1661ರಲ್ಲಿ, ವಿಫಲವಾದ ಪ್ರಯೋಗಗಳ ಬಗ್ಗೆಯೇ ಎರಡು ಪ್ರಬಂಧ ಪ್ರಕಟಿಸಿದ್ದ. ಯಾವುದು ಕೈಕೊಟ್ಟಿತು, ಯಾಕೆ ಕೈಕೊಟ್ಟಿರಬಹುದು, ಅಶುದ್ಧ ರಾಸಾಯನಿಕ ಹೇಗೆ ದಾರಿ ತಪ್ಪಿಸುತ್ತೆ, ಇದೆಲ್ಲ ಅದರಲ್ಲಿದೆ.

ಈಗ ನಮ್ಮ ಲ್ಯಾಬ್ ರೆಕಾರ್ಡ್ ನೆನಪು ಮಾಡಿಕೊಳ್ಳಿ. ಸೀನಿಯರ್ ರೆಕಾರ್ಡು ಪಕ್ಕಕ್ಕಿಟ್ಟುಕೊಂಡು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ರೀಡಿಂಗು ಕೂರಿಸುವ ಕಲೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಾವೂ ಮಾಡಿದ್ದೇವೆ. ಗ್ರಾಫು ಸರಳರೇಖೆ ಬಂದರೆ ಅಂಕ, ಬರದಿದ್ದರೆ ರಿಪೀಟ್. ಬಾಯ್ಲ್‌ಗೆ ಅಂಕ ಕೊಡುವವರು ಇರಲಿಲ್ಲ ಅನ್ನಬಹುದು. ಆದರೆ ತಪ್ಪು ಹುಡುಕಲು ಕಾದು ಕೂತವರು ಇದ್ದರು. ಅಂಥವರ ಮುಂದೆಯೇ ವ್ಯತ್ಯಾಸ ಬಿಚ್ಚಿಟ್ಟ.

ಇನ್ನೊಂದು ಪ್ರಾಮಾಣಿಕತೆ. ಒತ್ತಡ ಮತ್ತು ಗಾತ್ರ ವಿಲೋಮ ಅನುಪಾತದಲ್ಲಿರಬಹುದು ಅನ್ನುವ ಊಹೆ ತನ್ನದಲ್ಲ, ರಿಚರ್ಡ್ ಟೌನ್ಲಿಯದು ಅಂತ ಬಾಯ್ಲ್ ಹೆಸರು ಹೇಳಿ ಬರೆದ. ಟೌನ್ಲಿ ಮತ್ತು ಅವನ ವೈದ್ಯ ಗೆಳೆಯ ಹೆನ್ರಿ ಪವರ್ 1661ರಲ್ಲಿ ಲ್ಯಾಂಕಶೈರಿನ ಪೆಂಡಲ್ ಬೆಟ್ಟ ಹತ್ತಿ ಗಾಳಿಯನ್ನು ಅಳೆದಿದ್ದರು. ಹುಕ್ ಕೂಡ ಸ್ವತಂತ್ರವಾಗಿ ಅಳೆದಿದ್ದ. ಫ್ರಾನ್ಸಿನವರು ಇದೇ ನಿಯಮಕ್ಕೆ ಇವತ್ತಿಗೂ ಮಾರಿಯಟ್ ಹೆಸರು ಸೇರಿಸುತ್ತಾರೆ. ಅವನು ಬರೆದದ್ದು ಬಾಯ್ಲ್‌ಗಿಂತ ಸುಮಾರು ಒಂದೂವರೆ ದಶಕ ತಡವಾಗಿ. ಹಾಗಂತ ಬಾಯ್ಲ್ ಎಲ್ಲರಿಗೂ ನ್ಯಾಯ ಕೊಟ್ಟ ಅನ್ನುವಂತಿಲ್ಲ. ಪಾದರಸ ಸುರಿದವರು, ಕುಲುಮೆ ಊದಿದವರು, ಕಣ್ಣು ಮಂಜಾದ ಅವನಿಗೆ ಓದಿ ಹೇಳಿ ಬರೆದುಕೊಟ್ಟವರು, ಇವರಲ್ಲಿ ಹೆಚ್ಚಿನವರ ಹೆಸರು ಅವನ ಪುಸ್ತಕಗಳಲ್ಲಿ ಇಲ್ಲ. ಲ್ಯಾಬ್ ಅಟೆಂಡರ್ ಅಣ್ಣಂದಿರ ಹೆಸರನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾವು ಎಷ್ಟು ಸಲ ಹಾಕಿದ್ದೇವೆ ಅಂತ ಕೇಳಿಕೊಂಡರೆ ನಮ್ಮ ಬಾಯೂ ಮುಚ್ಚುತ್ತೆ.

ಮತ್ತೆ ಡಿಕ್ಕಿಯ ಹತ್ತಿರ

ಈಗ ಸ್ಟ್ರಟ್‌ಗೆ ಬರೋಣ. ಮುಚ್ಚಿದ ಸಿಲಿಂಡರು, ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಸ್ವಲ್ಪ ಎಣ್ಣೆ, ಒಂದು ಪಿಸ್ಟನ್, ಅದಕ್ಕೆ ಜೋಡಿಸಿದ ರಾಡ್. ಪಿಸ್ಟನ್‌ನಲ್ಲಿ ಸಣ್ಣ ತೂತಿದೆ, ಹಾಗಾಗಿ ಎರಡೂ ಕಡೆ ಒಂದೇ ಒತ್ತಡ. ಹಾಗಾದ್ರೆ ತಳ್ಳೋದು ಯಾವುದು? ಇಲ್ಲೇ ನಮ್ಮಲ್ಲಿ ಅರ್ಧ ಜನ ಎಡವಿದ್ದು. ರಾಡ್ ಇರುವ ಕಡೆ ಪಿಸ್ಟನ್ನಿನ ಸ್ವಲ್ಪ ಜಾಗವನ್ನು ರಾಡೇ ಆಕ್ರಮಿಸಿದೆ, ಅಷ್ಟರ ಮಟ್ಟಿಗೆ ಗಾಳಿಗೆ ತಳ್ಳಲು ಜಾಗ ಕಡಿಮೆ. ಆದ್ದರಿಂದ ಬಲ ಅಂದರೆ ಒತ್ತಡ ಗುಣಿಸು ರಾಡ್‌ನ ಅಡ್ಡಕೊಯ್ತದ ವಿಸ್ತೀರ್ಣ. ಪಿಸ್ಟನ್‌ನ ವಿಸ್ತೀರ್ಣ ಅಲ್ಲ.

ಹೊಸ ಸ್ಟ್ರಟ್‌ನ ಮೇಲೆ 400 ನ್ಯೂಟನ್ ಅಂತ ಅಚ್ಚಾಗಿತ್ತು. ತೂಕದ ಮಷೀನಿನ ಮೇಲೆ ಮರದ ತುಂಡು ಇಟ್ಟು, ರಾಡ್ ಕೆಳಗೆ ಮಾಡಿ, ಇಬ್ಬರು ಸೇರಿ ನೇರವಾಗಿ ಒತ್ತಿದೆವು. ರಾಡ್ ಒಳಗೆ ಹೋಗಲು ಶುರುವಾದಾಗ 42 ಕೆಜಿ, ಅಂದರೆ 412 ನ್ಯೂಟನ್. ಹಳೆಯದು 27 ಕೆಜಿಗೇ ಶರಣಾಯಿತು, 265 ನ್ಯೂಟನ್. ರಾಡ್‌ನ ವ್ಯಾಸ 8 ಮಿ.ಮೀ., ಹಾಗಾಗಿ ಹೊಸದರ ಒಳಗಿನ ಒತ್ತಡ ಸುಮಾರು 82 ಬಾರ್. ಕಾರಿನ ಟೈರಿನಲ್ಲಿರುವುದಕ್ಕಿಂತ ಮೂವತ್ತೈದು ಪಟ್ಟಿಗೂ ಹೆಚ್ಚು.

ಪೂರ್ತಿ ಒತ್ತಿದಾಗ ಮಷೀನು 55 ಕೆಜಿ ತೋರಿಸಿತು. ಬಲ 1.31 ಪಟ್ಟು ಏರಿತು ಅಂದರೆ ಒತ್ತಡವೂ ಅಷ್ಟೇ ಏರಿದೆ. ಬಾಯ್ಲ್ ನಿಯಮದಂತೆ ಗ್ಯಾಸಿನ ಜಾಗ 1.31ನೇ ಒಂದು ಭಾಗಕ್ಕೆ, ಅಂದರೆ ಶೇ. 76ಕ್ಕೆ ಇಳಿದಿದೆ. ಒಳಗೆ ಬಂದ ರಾಡ್ ಹತ್ತಿರ ಹತ್ತಿರ ಕಾಲುಭಾಗ ಜಾಗ ತಿಂದಿದೆ. ಕೊಳವೆ ಕೊಯ್ಯದೆ ಅದರ ಒಳಗನ್ನು ನೋಡಿದಂತಾಯಿತು! ಮೆಟ್ಟಿಲ ಮೇಲಿನ ಆ ಕೊಳವೆಯೂ ಈ ಕಪ್ಪು ಕೊಳವೆಯೂ ಒಂದೇ. ಅಲ್ಲಿ ಗಾಳಿಯನ್ನು ಅಮುಕಿದ್ದು ಪಾದರಸ, ಇಲ್ಲಿ ಉಕ್ಕಿನ ರಾಡ್.

ಮುಚ್ಚಳ ಯಾಕೆ ಬಿತ್ತು ಅನ್ನೋದಕ್ಕೂ ಲೆಕ್ಕ ಹಾಕಿದೆವು. ತೂಕ 15 ಕೆಜಿ, ತೆರೆದು ನಿಂತಾಗ ಹಿಂಜ್‌ನಿಂದ ಭಾರದ ಕೇಂದ್ರಕ್ಕೆ ಅಡ್ಡ ದೂರ 50 ಸೆಂ.ಮೀ. ಕೆಳಗೆ ತಿರುಗಿಸುವ ಟಾರ್ಕ್ ಸುಮಾರು 73 ನ್ಯೂಟನ್-ಮೀಟರ್. ಸ್ಟ್ರಟ್‌ಗಳಿಗೆ ಸಿಕ್ಕುವ ಲಂಬ ದೂರ ಬರೀ 10 ಸೆಂ.ಮೀ. ಹಳೆಯ ಎರಡೂ ಸೇರಿ 53 ಕೊಡುತ್ತಿದ್ದವು, ಹೊಸವು 82. ಬದುಕಿಗೂ ಬ್ಯಾಗಿಗೂ ನಡುವಿನ ಅಂತರ ಆ ಇಪ್ಪತ್ತು ನ್ಯೂಟನ್-ಮೀಟರ್.

ಬದಲಾಯಿಸಿದ ಕ್ರಮ ಹೀಗೆ, ನಿಮಗೂ ಉಪಯೋಗಕ್ಕೆ ಬರಬಹುದು. ಮೊದಲು ಮುಚ್ಚಳಕ್ಕೆ ಗಟ್ಟಿ ಊತ, ಜೊತೆಗೆ ಹಿಡಿದು ನಿಲ್ಲಲು ಒಬ್ಬ ಆಳು. ತುದಿಯ ಗುಂಡು ಕೀಲನ್ನು ಹಿಡಿದಿರುವ ಸಣ್ಣ ಕ್ಲಿಪ್ಪನ್ನು ತೆಳು ಸ್ಕ್ರೂಡ್ರೈವರಿನಿಂದ ಸ್ವಲ್ಪ ಸಡಿಲಿಸಿದರೆ ಸಾಕು, ಕೀಲು ಕಳಚಿಕೊಳ್ಳುತ್ತೆ. ಕೆಲವು ಕಾರುಗಳಲ್ಲಿ ಪಿನ್ನು ಇರುತ್ತೆ. ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಮುಚ್ಚಳ ತಿರುಚಿಕೊಳ್ಳುತ್ತೆ, ಗಾಜಿನ ಮುಚ್ಚಳಕ್ಕೆ ಅದು ಒಳ್ಳೆಯದಲ್ಲ. ಉದ್ದವೂ ನ್ಯೂಟನ್ ಸಂಖ್ಯೆಯೂ ಕಾರಿಗೆ ತಕ್ಕದ್ದೇ ಇರಲಿ. ಹೆಚ್ಚು ಬಲದ್ದು ಹಾಕಿದರೆ ಒಳ್ಳೇದು ಅನ್ನೋದು ಸುಳ್ಳು, ಹಿಂಜ್ ಬಗ್ಗುತ್ತೆ. ಮುಚ್ಚಳಕ್ಕೆ ಸ್ಪಾಯ್ಲರ್ ಸೇರಿಸಿದ್ದರೆ ಮಾತ್ರ ಆ ಭಾರದ ಲೆಕ್ಕ ಬೇರೆ. ಡಿಕ್ಕಿ ಮುಚ್ಚಿದಾಗ ರಾಡ್ ಕೆಳಮುಖವಾಗಿರಲಿ, ಎಣ್ಣೆ ಸೀಲ್ ಮೇಲೆ ನಿಂತು ಅದನ್ನು ಒಣಗದಂತೆ ಕಾಪಾಡುತ್ತೆ. ರಾಡನ್ನು ಇಕ್ಕಳದಿಂದ ಹಿಡಿಯಲೇಬೇಡಿ, ಒಂದು ಗೀರು ಬಿದ್ದರೂ ಸೀಲ್ ಹರಿಯುತ್ತೆ. ಹಳೆಯದನ್ನು ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ. ಸುಸ್ತಾದ ಸ್ಟ್ರಟ್‌ನಲ್ಲೂ ಐವತ್ತು ಬಾರ್ ಇದೆ.

ಇನ್ನೊಂದು ವಿಷಯ. ರೆಕಾರ್ಡ್ ಬರೆಯುವಾಗ ನಮ್ಮಲ್ಲೊಬ್ಬಳು 412ನ್ನು 400 ಅಂತಲೇ ಹಾಕೋಣ, ಯಾರು ಕೇಳ್ತಾರೆ ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡು ಕಾಲಮ್ಮು ಎಳೆದೆವು. ಒಂದರಲ್ಲಿ 400, ಇನ್ನೊಂದರಲ್ಲಿ 412. ಒತ್ತುವಾಗ ಸೀಲ್‌ನ ತಿಕ್ಕಾಟವೂ ಸೇರುವುದರಿಂದ ಹೆಚ್ಚು ಬಂದಿರಬಹುದು ಅಂತ ಕೆಳಗೆ ಬರೆದೆವು. ಮುಚ್ಚಿಟ್ಟಿದ್ದರೆ ಆ ತಿಕ್ಕಾಟದ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ.

ಅಕ್ಕನ ಮನೆ

1668ರಲ್ಲಿ ಬಾಯ್ಲ್ ಲಂಡನ್ನಿಗೆ ಬಂದು ಪಾಲ್ ಮಾಲ್ ಬೀದಿಯ ಅಕ್ಕ ಕ್ಯಾಥರೀನಳ ಮನೆ ಸೇರಿದ. ಮದುವೆ ಆಗಲಿಲ್ಲ. ಓದಿಕೊಂಡವಳು, ಊರಿನ ದೊಡ್ಡ ದೊಡ್ಡ ಪಂಡಿತರಿಗೆ ಬೇಕಾದವಳು ಈ ಅಕ್ಕ. ಅವಳ ಮನೆಯಲ್ಲೇ ಅವನ ಲ್ಯಾಬ್. 1660ರಲ್ಲಿ ಶುರುವಾದ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಬಾಯ್ಲ್ ಒಬ್ಬ. ಆದರೆ ಅಕ್ಕನಿಗೆ ಅಲ್ಲಿ ಸದಸ್ಯತ್ವ ಇಲ್ಲ, ಹೆಂಗಸು ಅನ್ನೋ ಒಂದೇ ಕಾರಣಕ್ಕೆ. ಅಲ್ಲಿ ಹೆಂಗಸರನ್ನು ಸದಸ್ಯರಾಗಿ ಆರಿಸಿದ್ದು 1945ರಲ್ಲಿ.

1670ರಲ್ಲಿ ಬಾಯ್ಲ್‌ಗೆ ಲಕ್ವ ಹೊಡೆಯಿತು. ಕೈ ಬಾಯಿಗೆ ಬರದ ಸ್ಥಿತಿಯಿಂದ ನಿಧಾನ ಚೇತರಿಸಿಕೊಂಡ, ಹೇಳಿ ಬರೆಸುತ್ತಾ ಕೆಲಸ ಮುಂದುವರಿಸಿದ. 1670ರ ದಶಕದಲ್ಲಿ ಅವನ ಲ್ಯಾಬಿಗೆ ದೆನಿ ಪಪಾಂ ಎಂಬ ಫ್ರೆಂಚ್ ತರುಣ ಬಂದು ಪಂಪಿನ ಮೇಲೆ ಕೆಲಸ ಮಾಡಿದ. ಆ ಪಪಾಂ 1679ರಲ್ಲಿ ಆವಿಯ ಒತ್ತಡದಲ್ಲಿ ಮೂಳೆಯನ್ನೂ ಬೇಯಿಸುವ ಪಾತ್ರೆ ತೋರಿಸಿದ. ನಮ್ಮ ಮನೆಗಳಲ್ಲಿ ಬೆಳಗ್ಗೆ ಮೂರು ಸೀಟಿ ಹೊಡೆಯುವ ಕುಕ್ಕರಿನ ಮುತ್ತಜ್ಜ ಅದು.

ಅದೇ ಹೊತ್ತಿನಲ್ಲಿ ಬಾಯ್ಲ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮಂಡಳಿಯಲ್ಲೂ ಕೂತಿದ್ದ. ಆಗ ಕಂಪನಿ ನಮ್ಮ ದೇಶದಲ್ಲಿ ಇನ್ನೂ ವ್ಯಾಪಾರಿ ಮಾತ್ರ. ಮುಂದೆ ಏನಾಯಿತು ನಮಗೆ ಗೊತ್ತು. 1680ರಲ್ಲಿ ರಾಯಲ್ ಸೊಸೈಟಿ ಅವನನ್ನು ಅಧ್ಯಕ್ಷನಾಗಿ ಆರಿಸಿತು. ಪದವಿಗಾಗಿ ಪ್ರಮಾಣವಚನ ತೆಗೆದುಕೊಳ್ಳಬೇಕಿತ್ತು. ಆಣೆ ಇಡುವುದು ತನ್ನ ಮನಸ್ಸಾಕ್ಷಿಗೆ ಒಗ್ಗುವುದಿಲ್ಲ ಅಂತ ಬೇಡವೆಂದ. ಚಿನ್ನ ಮಾಡುವ ರಸವಿದ್ಯೆಯನ್ನೂ ಅವನು ಕೊನೇವರೆಗೆ ನಂಬಿದ್ದ. ಅಳೆದು ನೋಡದೆ ಏನನ್ನೂ ಒಪ್ಪದವನೂ, ಅಲ್ಲೊಂದು ಆಸೆ ಇಟ್ಟುಕೊಂಡವನೂ ಒಬ್ಬನೇ.

ಅವನ ಕಾಗದಪತ್ರಗಳಲ್ಲಿ ಒಂದು ಪಟ್ಟಿ ಸಿಕ್ಕಿದೆ, ವಿಜ್ಞಾನ ಸಾಧಿಸಲಿ ಅಂತ ಅವನು ಆಸೆಪಟ್ಟ ಸುಮಾರು ಎರಡು ಡಜನ್ ವಿಷಯಗಳದ್ದು. ಆಯುಸ್ಸು ಹೆಚ್ಚಬೇಕು, ಮನುಷ್ಯ ಹಾರಬೇಕು, ಹಗುರವೂ ಗಟ್ಟಿಯೂ ಆದ ಕವಚ ಬೇಕು, ಮುಳುಗದ ಹಡಗು ಬೇಕು. ಹೆಚ್ಚಿನವು ಇವತ್ತು ಒಂದಲ್ಲ ಒಂದು ಬ್ರಾಂಚಿನ ಸಿಲಬಸ್ಸಿನಲ್ಲಿವೆ.

1691ರ ಡಿಸೆಂಬರ್ 23ರಂದು ಅಕ್ಕ ಕ್ಯಾಥರೀನ್ ತೀರಿಕೊಂಡಳು. ಇಪ್ಪತ್ತಮೂರು ವರ್ಷ ಒಂದೇ ಸೂರಿನಡಿ ಇದ್ದವರು. ಸುಮಾರು ಒಂದು ವಾರಕ್ಕೆ, ಆ ವರ್ಷ ಮುಗಿಯುವ ಹೊತ್ತಿಗೆ, ತಮ್ಮನೂ ಹೋದ. ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್ ಚರ್ಚಿನಲ್ಲಿ ಮಣ್ಣು ಮಾಡಿದರು. 1720ರ ದಶಕದಲ್ಲಿ ಆ ಹಳೇ ಚರ್ಚನ್ನು ಕೆಡವಿ ಹೊಸದು ಕಟ್ಟುವಾಗ ಅವನ ಸಮಾಧಿಯ ಗುರುತೇ ಕಳೆದುಹೋಯಿತು.

ಹಾಗಾಗಿ ಬಾಯ್ಲ್‌ಗೆ ಹೂವಿಡಲು ಒಂದು ಜಾಗ ಇಲ್ಲ. ನಾವು ಆ ಶನಿವಾರ ಸಂಜೆ ಹೊಸ ಸ್ಟ್ರಟ್ ಹಾಕಿ ಡಿಕ್ಕಿಯ ಬೀಗ ತೆಗೆದಾಗ ಗಾಜಿನ ಮುಚ್ಚಳ ನಿಧಾನಕ್ಕೆ, ಯಾರೂ ಮುಟ್ಟದೆ, ತಾನಾಗೇ ಮೇಲೆದ್ದು ನಿಂತಿತು. ಬ್ಯಾಗಿನ ಗೆಳೆಯ ಮೊದಲು ಹಿಂಜರಿದ, ಆಮೇಲೆ ಬಗ್ಗಿ ಒಳಗೆ ನೋಡಿದ. ಮಾಪಿನ ಕೋಲನ್ನು ಹಾಸ್ಟೆಲಿನ ಕ್ಲೀನಿಂಗ್ ಅಕ್ಕನಿಗೆ ಕೊಟ್ಟು ಬಂದೆವು.